ಅಡಿಕೆ ತಕ್ಕಡಿಯ ಮೇಲೆ ಮೊಮ್ಮಕ್ಕಳು

2020ರ ಯುಗಾದಿ ಬಂದಿದ್ದು ಮಾರ್ಚ್ 25ರ ಬುಧವಾರ. ಇಡೀ ದೇಶಕ್ಕೆ ಬೀಗ ಬಿದ್ದ ಮೊದಲ ದಿನವೂ ಅದೇ. ಮಕ್ಕಳೇ, ಈಗ ಆರನೆಯದೋ ಏಳನೆಯದೋ ತರಗತಿಯಲ್ಲಿರುವ ನಿಮಗೆ ಆಗ ಆರೇಳು ವರ್ಷ. ಮುಖಕ್ಕೆ ಮಾಸ್ಕ್, ಕೈಗೆ ಸ್ಯಾನಿಟೈಸರ್, ದೂರದರ್ಶನದಲ್ಲಿ ಮತ್ತೆ ಬಂದ ರಾಮಾಯಣ, ಇಷ್ಟು ನೆನಪಿರಬಹುದು. ನಿಮ್ಮ ಅಜ್ಜ ಅಜ್ಜಿಯರಿಗೆ ಉಳಿದದ್ದೂ ನೆನಪಿದೆ. ಆ ದಿನಗಳ ಮಾತು ಬಂದಾಗಲೆಲ್ಲ ದೊಡ್ಡವರು ಕಾಯಿಲೆ ಬಿದ್ದವರ ಲೆಕ್ಕ ತೆಗೆಯುತ್ತಾರೆ. ನಾನು ಈ ವಾರ ಬೇರೆ ಲೆಕ್ಕ ತೆಗೆಯುತ್ತೇನೆ. ಕಾಯಿಲೆ ಬಾರದೆ ಮನೆಯಲ್ಲೇ ಉಳಿದವರ ಮೈತೂಕದ ಲೆಕ್ಕ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಅದೊಂದು ಚಟ.

ಮೊದಲು ನಮ್ಮ ಕಡೆಯ ಬಗ್ಗೆ ಒಂದಿಷ್ಟು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳಲ್ಲಿ ಹಳ್ಳಿ ಎಂದರೆ ಬಯಲುಸೀಮೆಯ ಹಾಗೆ ಸಾಲುಮನೆಗಳ ಬೀದಿ ಇರುವುದು ಕಡಿಮೆ. ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ಆಚೆ ಒಂದು ಗುಡ್ಡವೋ ಹಳ್ಳವೋ, ಅದನ್ನು ದಾಟಿದರೆ ಇನ್ನೊಂದು ಮನೆ. ಒಬ್ಬರಿಂದೊಬ್ಬರು ಆರಡಿ ದೂರ ಇರಿ ಎಂದು ಸರಕಾರ ಹೇಳಿದಾಗ ನಮ್ಮವರಿಗೆ ನಗು ಬಂತು. ನಾವು ಮೊದಲಿನಿಂದಲೂ ಕೂಗಳತೆ ದೂರದವರು. ತೋಟದ ಕೆಲಸಕ್ಕೆ ಅಡ್ಡಿ ಇರಲಿಲ್ಲ. ಮೇ ತಿಂಗಳ ಮೂರನೇ ವಾರದವರೆಗೂ ಚಿಕ್ಕಮಗಳೂರು ಜಿಲ್ಲೆ ಹಸಿರು ವಲಯದಲ್ಲೇ ಇತ್ತು. ಬೆಂಗಳೂರಿನ ಎರಡು ಕೋಣೆಯ ಮನೆಯೊಳಗೆ ಕೂತವರ ಕಷ್ಟ ನಮಗೆ ಬರಲಿಲ್ಲ.

ನಮ್ಮಲ್ಲಿ ನಿಂತುಹೋದದ್ದು ಬಸ್ಸು. ಬಸ್ಸು ನಿಂತ ಮೇಲೆ ಸಂತೆ ಇಲ್ಲ, ಮದುವೆಮನೆ ಊಟ ಇಲ್ಲ, ಬೇಸಿಗೆಯ ಯಕ್ಷಗಾನ ಇಲ್ಲ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ನಾಲ್ಕು ಮಾತಾಡಿ ಬರುತ್ತಿದ್ದವರಿಗೆ ಆ ನಾಲ್ಕು ಮಾತೂ ಇಲ್ಲ.

ಶೃಂಗೇರಿಯ ಕಷ್ಟ ಇನ್ನೊಂದು ಬಗೆಯದು. ಆ ಪೇಟೆ ನಡೆಯುವುದೇ ಯಾತ್ರಿಕರಿಂದ. ಶಾರದಾಂಬೆಯ ದರ್ಶನ ಭಕ್ತರಿಗೆ ನಿಂತ ದಿನದಿಂದ ವಸತಿಗೃಹ, ಹೂವಿನಂಗಡಿ, ಆಟೋ, ಜೀಪು ಎಲ್ಲವೂ ನಿಂತವು. ಅಲ್ಲಿನವರ ನಿದ್ದೆ ಕೆಡಿಸಿದ್ದು ನಾಳೆಯ ಬಾಡಿಗೆ. ನನ್ನ ಮೊಮ್ಮಗಳ ಚಿಂತೆ ಮಾತ್ರ ತುಂಗೆಯ ಮೀನುಗಳದ್ದು. ಮಠದ ಸ್ನಾನಘಟ್ಟದ ಹತ್ತಿರ ಮೀನು ಹಿಡಿಯುವಂತಿಲ್ಲ, ಬಂದವರು ಮಂಡಕ್ಕಿ ಹಾಕುತ್ತಾರೆ, ಆ ಮೀನುಗಳನ್ನು ನೀವೂ ನೋಡಿರಬಹುದು. "ಅಜ್ಜ, ಈಗ ಯಾರೂ ಹೋಗುವುದಿಲ್ಲವಲ್ಲ, ಅವು ಸಣಕಲಾಗುವುದಿಲ್ಲವಾ?" ಎಂದು ಕೇಳಿದಳು. ಹೊಳೆಯಲ್ಲಿ ಪಾಚಿ, ಹುಳ, ಮರದಿಂದ ಬಿದ್ದ ಹಣ್ಣು ಎಲ್ಲ ಇರುತ್ತದೆ, ಮಂಡಕ್ಕಿ ಅವಕ್ಕೆ ಕುರುಕಲು ತಿಂಡಿಯಷ್ಟೇ ಎಂದೆ. ಸ್ವಲ್ಪ ಸಮಾಧಾನವಾಯಿತು. ಆದರೆ ಅವಳೇ ಸಣಕಲಾಗುತ್ತಿದ್ದಳು, ಅದಕ್ಕೇ ಈ ಕತೆ.

ಮಗ, ಸೊಸೆ, ಇಬ್ಬರು ಮಕ್ಕಳು ಬೆಂಗಳೂರಿನಿಂದ ಬಂದದ್ದು ಯುಗಾದಿಗೆ, ನಾಲ್ಕು ದಿನದ ಬಟ್ಟೆ ತಂದು. ಹೋದದ್ದು ಮುಂದಿನ ಜನವರಿಯಲ್ಲಿ. ನಮ್ಮ ಜಗಲಿಯ ಮೂಲೆಯಲ್ಲಿ ಅಡಿಕೆ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಆ ದಿನಗಳಲ್ಲಿ ಅಡಿಕೆ ಮಂಡಿಯೂ ಮುಚ್ಚಿತ್ತು, ತಕ್ಕಡಿಗೆ ಕೆಲಸವಿರಲಿಲ್ಲ. ಹುಡುಗರು ಆಟಕ್ಕೆ ಹತ್ತಿದರು, ನಾನು ಬರೆದಿಟ್ಟೆ. ಆಮೇಲೆ ಪ್ರತಿ ಭಾನುವಾರ ಬೆಳಗ್ಗೆ ತಿಂಡಿಗೆ ಮುಂಚೆ ಎಲ್ಲರ ತೂಕ. ಹೆಂಡತಿ ಮೊದಲ ವಾರವೇ ಹತ್ತಲಾರೆ ಎಂದಳು. ಅವಳ ಕಾಲಂ ಈಗಲೂ ಖಾಲಿ.

ಹನ್ನೊಂದು ವರ್ಷದ ಮೊಮ್ಮಗ ಮಾರ್ಚ್ 29ರಂದು 34.6 ಕಿಲೋ ಇದ್ದ. ಆಗಸ್ಟ್ 16ರಂದು 39.8. ಇಪ್ಪತ್ತು ವಾರದಲ್ಲಿ 5.2 ಕಿಲೋ. ಬೆಳೆಯುವ ಹುಡುಗ, ಅಷ್ಟು ದಿನದಲ್ಲಿ ಒಂದೂವರೆ ಕಿಲೋ ಏರುವುದು ಸಹಜ. ಅದನ್ನು ಕಳೆದರೆ ಉಳಿಯಿತು 3.7 ಕಿಲೋ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಇರುತ್ತದೆ. ಮಕ್ಕಳೇ, ಕಾಗದ ಪೆನ್ಸಿಲ್ ತಗೊಳ್ಳಿ. 3.7ನ್ನು 7,700ರಿಂದ ಗುಣಿಸಿ, 140 ದಿನಕ್ಕೆ ಹಂಚಿ. ದಿನಕ್ಕೆ 200ರ ಆಸುಪಾಸು ಬರುತ್ತದೆ. ಎರಡು ಸಾಧಾರಣ ಬಾಳೆಹಣ್ಣಿನಷ್ಟು. ಮೈ ಎನ್ನುವುದು ಬ್ಯಾಂಕಿನ ಖಾತೆಯಷ್ಟು ಶಿಸ್ತಿನದಲ್ಲ, ಈ ಲೆಕ್ಕ ಅಂದಾಜಿನದು. ಆದರೂ ಬೆರಗಾಗುವುದು ಆ ಮೊತ್ತ ಎಷ್ಟು ಚಿಕ್ಕದು ಎಂಬುದಕ್ಕೆ. ಹುಡುಗ ರಾಕ್ಷಸನ ಹಾಗೆ ತಿಂದಿರಲಿಲ್ಲ. ಅದು ಹಲಸಿನ ಕಾಲ. ಮನೆಯಲ್ಲಿ ಎಂದೂ ಇಲ್ಲದಷ್ಟು ಕೈಗಳಿದ್ದುದರಿಂದ ಹೆಂಡತಿ ಆ ವರ್ಷ ಎರಡು ಡಬ್ಬಿ ಹೆಚ್ಚಿಗೆ ಹಪ್ಪಳ ಮಾಡಿಸಿದಳು. ಒಂದು ಟೀ ಚಮಚ ಎಣ್ಣೆಯಲ್ಲೇ 45 ಕ್ಯಾಲೊರಿ. ಜೂನ್ ಬಂದ ಮೇಲೆ ಮಳೆ ಬಿಡಲಿಲ್ಲ, ಅಂಗಳಕ್ಕೆ ಇಳಿಯುವಂತಿಲ್ಲ. ಸಂಜೆ ಮಳೆ ನೋಡುತ್ತ ಕೂತ ಹುಡುಗನ ಕೈ ಡಬ್ಬಿಗೆ ಹೋಗುತ್ತಿತ್ತು. ಹಸಿವಿಗಲ್ಲ, ಬೇಜಾರಿಗೆ. ರಾತ್ರಿ ಮೊಬೈಲು ನೋಡಿ ನಿದ್ದೆ ತಡ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ ಎಂಬುದು ವೈದ್ಯರೆಲ್ಲ ಬಲ್ಲ ಸಂಗತಿ.

ಇದು ನಮ್ಮ ಮನೆಯೊಂದರ ಕತೆಯಲ್ಲ. ಅಮೆರಿಕದಲ್ಲಿ 2ರಿಂದ 19 ವರ್ಷದ 4,32,302 ಮಂದಿಯ ತೂಕ ಎತ್ತರಗಳ ದಾಖಲೆ ತೆಗೆದು ನೋಡಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಏರುವ ವೇಗ ಸಾಂಕ್ರಾಮಿಕಕ್ಕೆ ಮುಂಚಿಗಿಂತ ಸುಮಾರು ಎರಡು ಪಟ್ಟಾಗಿತ್ತು. ಆ ಸೂಚ್ಯಂಕವನ್ನು ಬಿಎಂಐ ಎನ್ನುತ್ತಾರೆ: ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ. ನಮ್ಮ ದೇಶದ ವಯಸ್ಕರಲ್ಲಿ 23 ದಾಟಿದರೆ ಹೆಚ್ಚಿನ ತೂಕ ಎಂದು ಲೆಕ್ಕ. ಮಕ್ಕಳು ಈ 23ನ್ನು ತಮಗೆ ಹಚ್ಚಿಕೊಳ್ಳಬಾರದು. ನಿಮಗೆ ವಯಸ್ಸಿಗೊಂದು ಪಟ್ಟಿ ಬೇರೆಯೇ ಇದೆ, ಅದನ್ನು ವೈದ್ಯರು ನೋಡಬೇಕು.

ಗುಡ್ಡದ ಮೇಲಿನ ಮನೆಯ ಇಬ್ಬರು ಹುಡುಗರ ಕತೆ ಉಲ್ಟಾ. ಅವರಿಗೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಆನ್‌ಲೈನ್ ಪಾಠಕ್ಕೆ ದಿನಾ ಬೆಳಗ್ಗೆ ಗುಡ್ಡದ ನೆತ್ತಿಗೆ ಹತ್ತಬೇಕು, ಬಗನಿ ಮರದ ಬುಡದಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂರಬೇಕು. ಮಲೆನಾಡಿನ ಉದ್ದಕ್ಕೂ ಹೀಗೆಯೇ ಆಗಿತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಕೂತು ಮಗಳು ಪಾಠ ಕೇಳುವಾಗ ತಂದೆ ಮಳೆಗೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಿಮ್ಮ ಮನೆಯವರು ನೋಡಿಯೇ ಇರುತ್ತಾರೆ. ಆ ಗುಡ್ಡದ ಹುಡುಗರ ತೂಕ ಒಂದು ಗ್ರಾಂ ಹೆಚ್ಚಾಗಲಿಲ್ಲ. ಅವರಿಗೆ ಬೇಜಾರೂ ಕಡಿಮೆ, ಯಾಕೆಂದರೆ ಆ ಮರದ ಬುಡಕ್ಕೆ ಇನ್ನೂ ಐದಾರು ಮಕ್ಕಳು ಬರುತ್ತಿದ್ದರು. ನೆಟ್‌ವರ್ಕ್ ಇಲ್ಲದ್ದಕ್ಕೆ ನಾನು ಸರಕಾರವನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ.

ಕೂಲಿ ಕೆಲಸದವರ ಮಕ್ಕಳ ತೂಕ ಇಳಿದದ್ದಕ್ಕೆ ಕಾರಣ ಬೇರೆ. ಶಾಲೆಯ ಬಿಸಿಯೂಟ ನಿಂತಿತು. ಬದಲಿಗೆ ಅಕ್ಕಿ, ಬೇಳೆಯನ್ನು ಮನೆಗೆ ಕೊಟ್ಟರು. ಒಳ್ಳೆಯದೇ ಮಾಡಿದರು. ಆದರೆ ಶಾಲೆಯ ತಟ್ಟೆಯಲ್ಲಿ ಬಿದ್ದ ಅನ್ನ ಆ ಮಗುವಿನದು. ಮನೆಯ ಒಲೆಗೆ ಬಂದ ಅಕ್ಕಿ ಕೂಲಿ ಇಲ್ಲದೆ ಕೂತ ಎಲ್ಲರದು.

ಈಗ ನನ್ನ ಮೊಮ್ಮಗಳಿಗೆ ಬರುತ್ತೇನೆ. ಏಳು ವರ್ಷ. ಮಾರ್ಚ್‌ನಲ್ಲಿ 20.8, ಆಗಸ್ಟ್‌ನಲ್ಲಿ 20.6. ಇನ್ನೂರು ಗ್ರಾಂ ಇಳಿದರೆ ಏನು ಮಹಾ ಎನ್ನಬೇಡಿ. ಆ ವಯಸ್ಸಿನ ಮಗು ವರ್ಷಕ್ಕೆ ಎರಡು ಮೂರು ಕಿಲೋ ಏರಬೇಕು. ಏರದೆ ನಿಂತದ್ದೂ ನಷ್ಟವೇ, ಬಡ್ಡಿ ಬಾರದ ಠೇವಣಿಯ ಹಾಗೆ. ಊಟಕ್ಕೆ ಕೂತರೆ ಎರಡು ತುತ್ತು, ಆಮೇಲೆ ಹೊಟ್ಟೆನೋವು. ಬೆಳಗ್ಗೆಯೇ ಸುಸ್ತು. ಸಣ್ಣ ಮಕ್ಕಳಲ್ಲಿ ಮನಸ್ಸಿನ ಬೇಸರ ಹೊಟ್ಟೆನೋವಾಗಿ ಬರುತ್ತದೆ. ಕೊಪ್ಪದಲ್ಲಿ ವೈದ್ಯರಿಗೆ ತೋರಿಸಿದೆವು. ಜಂತುಹುಳುವಿನ ಔಷಧ ಕೊಟ್ಟರು, ಹೊಟ್ಟೆ ಒತ್ತಿ ನೋಡಿದರು, ಆಮೇಲೆ ಅವಳನ್ನೇ ಕೇಳಿದರು, "ನಿನ್ನ ಫ್ರೆಂಡ್ ಯಾರಮ್ಮ?" ಎಂದು. ಮನೆಯಲ್ಲಿ ಆರು ಜನ ದಿನಕ್ಕೆ ಹತ್ತು ಸಲ "ಊಟ ಮಾಡು" ಎನ್ನುತ್ತಿದ್ದೆವು. ಅವಳು ಉತ್ತರ ಕೊಟ್ಟದ್ದು ಆ ಒಂದು ಪ್ರಶ್ನೆಗೆ. ಬೆಂಗಳೂರಿನ ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ. ಮಾರ್ಚ್‌ನಲ್ಲಿ ನಾಳೆ ಸಿಗೋಣ ಎಂದು ಹೇಳಿ ಬಂದದ್ದಂತೆ. ಎರಡು ಮನೆಯವರೂ ಮಾತಾಡಿಕೊಂಡು ಶನಿವಾರ ಸಂಜೆ ನಾಲ್ಕಕ್ಕೆ ಫೋನು ಎಂದು ಗೊತ್ತು ಮಾಡಿದರು. ಮಗ ಅವಳನ್ನು ಸ್ಕೂಟರಿನಲ್ಲಿ ನೆಟ್‌ವರ್ಕ್ ಸಿಗುವ ತಿರುವಿಗೆ ಕರೆದುಕೊಂಡು ಹೋಗುತ್ತಿದ್ದ. ಇಬ್ಬರೂ ಮಾತಾಡುತ್ತಿದ್ದದ್ದು ಕಡಿಮೆ, ಬರೆದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದದ್ದೇ ಹೆಚ್ಚು. ದಸರಾ ಹೊತ್ತಿಗೆ 21.5 ಆಗಿತ್ತು. ಅಷ್ಟೂ ಆ ಫೋನಿನಿಂದಲೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಜಂತುಹುಳುವಿನ ಔಷಧದ ಪಾಲೂ ಇರಬಹುದು.

ಅಣ್ಣನ ಪಾಡು ಗೊತ್ತಾದದ್ದು ಶಾಲೆ ತೆರೆದಾಗ. 2021ರ ಸೆಪ್ಟೆಂಬರ್ 6ರಂದು ಆರರಿಂದ ಎಂಟನೇ ತರಗತಿಗೆ ಬಾಗಿಲು ತೆರೆಯಿತು. ಹಳೆಯ ಯೂನಿಫಾರ್ಮಿನ ಪ್ಯಾಂಟಿಗೆ ಗುಂಡಿ ಬೀಳಲಿಲ್ಲ. ಹೊಸದು ಹೊಲಿಸಿದರೂ ಹೋಗುವುದಿಲ್ಲ ಎಂದು ಕೂತ. "ಎಲ್ಲರೂ ಡುಮ್ಮ ಅಂತಾರೆ ಅಜ್ಜ" ಎಂದು ನನಗೆ ಫೋನಿನಲ್ಲಿ ಹೇಳಿದ, ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಹೋದ ಮೇಲೆ ನೋಡಿದರೆ ತರಗತಿಯಲ್ಲಿ ಅರ್ಧ ಜನರ ಪ್ಯಾಂಟು ಮೊಣಕಾಲಿನ ಹತ್ತಿರ ಬಂದಿತ್ತು, ಉಳಿದರ್ಧ ಜನರ ಅಂಗಿಗೆ ಗುಂಡಿ ಹಾಕಲಾಗುತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ಎಲ್ಲರೂ ಬೇರೆ ಆಕಾರವಾಗಿದ್ದರು. ಡುಮ್ಮ ಎಂದು ಕೂಗುವ ಧೈರ್ಯ ಯಾರಿಗೂ ಇರಲಿಲ್ಲವಂತೆ. ಸೈಕಲ್, ಕಬಡ್ಡಿ, ಎತ್ತರ ಎಲ್ಲ ಸೇರಿ ಅವನ ತೂಕ ತಾನಾಗಿ ಸರಿಹೋಯಿತು. ಅವನನ್ನು ಯಾರೂ ಉಪವಾಸ ಕೆಡವಲಿಲ್ಲ. ಬೆಳೆಯುವ ಮಕ್ಕಳಿಗೆ ಊಟ ಕಟ್ಟು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಡಬ್ಬಿ ಅಟ್ಟಕ್ಕೆ ಹೋದರೆ ಸಾಕು.

ಮಕ್ಕಳ ತೂಕ ಏರಿದ್ದನ್ನು ಊರೆಲ್ಲ ನೋಡಿತು. ಮುದುಕರ ತೂಕ ಇಳಿದದ್ದನ್ನು ನೋಡಿದವರು ಕಡಿಮೆ. ಕೊಪ್ಪ, ಶೃಂಗೇರಿ ಕಡೆ ಮಕ್ಕಳೆಲ್ಲ ಬೆಂಗಳೂರು ಸೇರಿ ಇಬ್ಬರೇ ಮುದುಕರೋ ಒಬ್ಬರೇ ಮುದುಕರೋ ಇರುವ ದೊಡ್ಡ ಮನೆಗಳು ಎಷ್ಟಿವೆ ಎಂದು ಇಲ್ಲಿನವರಿಗೆ ಗೊತ್ತು. ನಾನು ಕೆಲಸದಲ್ಲಿದ್ದಾಗ ಒಬ್ಬ ಹಿರಿಯರು ಪ್ರತಿ ತಿಂಗಳು ಪಾಸ್‌ಬುಕ್ ಬರೆಸಲು ಬರುತ್ತಿದ್ದರು. ಖಾತೆಯಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಬೆಂಚಿನ ಮೇಲೆ ಒಂದು ಗಂಟೆ ಕೂತು ಬಂದವರನ್ನೆಲ್ಲ ಮಾತಾಡಿಸಿ ಹೋಗುವುದು, ಅದೇ ಅವರ ವ್ಯವಹಾರ. 2020ರ ಏಪ್ರಿಲಿನಲ್ಲಿ ಜನಧನ ಖಾತೆಯ ಹೆಂಗಸರಿಗೆ 500 ರೂಪಾಯಿ ಜಮೆ ಆದಾಗ ಬ್ಯಾಂಕಿನ ಮುಂದೆ ಸುಣ್ಣದ ವೃತ್ತ ಎಳೆದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಬೆಂಚು ಒಳಗೆ ಹೋಗಿತ್ತು. ಸರಿಯೇ, ಆಗ ಬೇರೆ ದಾರಿ ಇರಲಿಲ್ಲ. ಆದರೆ ಅಂಥ ಹಿರಿಯರು ಆ ವರ್ಷ ಎಲ್ಲಿ ಕೂತರು?

ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ಬದುಕಿದ್ದೇನೆ ಎಂದು ಪ್ರಮಾಣಪತ್ರ ಕೊಡಬೇಕು. ನಾನು ನಿವೃತ್ತನಾದ ಮೇಲೂ ಆ ತಿಂಗಳು ಬ್ಯಾಂಕಿಗೆ ಹೋಗಿ ಕಣ್ಣು ಮಂಜಾದವರಿಗೆ ಅರ್ಜಿ ತುಂಬಿಕೊಡುತ್ತೇನೆ. 2020ರಲ್ಲಿ ಕೇಂದ್ರ ಸರಕಾರದ ಪಿಂಚಣಿದಾರರಿಗೆ ಗಡುವನ್ನು ಮುಂದಿನ ಫೆಬ್ರವರಿ 28ರವರೆಗೆ ಮುಂದೂಡಿದರು, ಜನ ಬಂದದ್ದು ಕಡಿಮೆ. 2021ರ ನವೆಂಬರಿನಲ್ಲಿ ಎಲ್ಲರೂ ಬಂದರು. ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರಿನ ಹತ್ತಿರ ಮನೆಯಿರುವ ನನ್ನ ಸ್ನೇಹಿತರೂ ಬಂದರು. ಪ್ರೌಢಶಾಲೆಯ ನಿವೃತ್ತ ಮೇಷ್ಟ್ರು, ಹೆಂಡತಿ ತೀರಿಕೊಂಡು ಎಂಟು ವರ್ಷ. ಲ್ಯಾಂಡ್‌ಲೈನಿನಲ್ಲಿ ನಾವು ವಾರ ವಾರ ಮಾತಾಡುತ್ತಿದ್ದೆವು, ದನಿ ಮೊದಲಿನಂತೆಯೇ ಖಣಖಣ. ಸಹಿ ಹಾಕಲು ಕೈ ಎತ್ತಿದರು, ಮಣಿಕಟ್ಟಿನ ಗಡಿಯಾರ ಮೊಣಕೈಗೆ ಜಾರಿತು.

ಅವತ್ತು ಮನೆಗೆ ಕರೆತಂದು ಅದೇ ತಕ್ಕಡಿ ಹತ್ತಿಸಿದೆ. 53.2. ಪುಸ್ತಕ ತೆಗೆದರೆ 2020ರ ಅಕ್ಟೋಬರಿನಲ್ಲಿ 59 ಇದೆ. ಆಗ ಅವರ ಮಗಳ ಸಂಸಾರ ಇವರ ಮನೆಯಲ್ಲೇ ಇತ್ತು, ಅಳಿಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ, ಮೊಮ್ಮಕ್ಕಳನ್ನು ಕಟ್ಟಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಆ ಲಾಕ್‌ಡೌನ್ ನಮ್ಮ ಕಡೆಯ ಎಷ್ಟೋ ಮುದುಕರಿಗೆ ಮೊದಲು ಮನೆ ತುಂಬಿಸಿತು, ಆಮೇಲೆ ಖಾಲಿ ಮಾಡಿತು. 2021ರ ಜನವರಿಯಲ್ಲಿ ಮಗಳ ಮನೆಯವರು ವಾಪಸ್ಸು ಹೋದರು. ಎರಡನೇ ಅಲೆಯ ಹೊತ್ತಿಗೆ ಅಡುಗೆಗೆ ಬರುತ್ತಿದ್ದಾಕೆಯೂ ನಿಂತಳು. "ಒಬ್ಬನಿಗೆ ಯಾಕೆ ಒಲೆ ಹಚ್ಚುವುದು, ಅವಲಕ್ಕಿಗೆ ಮೊಸರು ಹಾಕಿದರೆ ಆಯಿತಪ್ಪ" ಎಂದರು.

ಕಾರಣವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ನೂರಕ್ಕೆ ಐದು ಪಾಲು ಇಳಿದರೆ ವೈದ್ಯರಿಗೆ ತೋರಿಸಲೇಬೇಕು ಎಂಬುದು ರೂಢಿಯ ನಿಯಮ. 59 ಕಿಲೋದವರಿಗೆ ಅದು ಮೂರು ಕಿಲೋ. ಇವರದು ಹತ್ತಿರ ಹತ್ತಿರ ಆರು. ಸಕ್ಕರೆ, ಥೈರಾಯ್ಡ್, ಕ್ಷಯ, ಎಕ್ಸ್‌ರೇ ಎಲ್ಲ ಪರೀಕ್ಷೆಯಾಯಿತು, ಏನೂ ಸಿಗಲಿಲ್ಲ. ನಿದ್ದೆ ಹೇಗೆ, ಪತ್ರಿಕೆ ಓದುತ್ತೀರಾ, ಊಟ ಯಾರ ಜೊತೆ ಎಂದು ಕೇಳಿದ ವೈದ್ಯರು ಖಿನ್ನತೆ ಎಂದರು. ಮೇಷ್ಟ್ರಿಗೆ ಸಿಟ್ಟು ಬಂತು. "ನಾನು ಅತ್ತಿದ್ದು ಯಾರು ನೋಡಿದ್ದಾರೆ?" ಎಂದರು. ವಯಸ್ಸಾದವರಲ್ಲಿ ಅದು ಅಳುವಾಗಿ ಬರುವುದು ಕಡಿಮೆ. ಬಾಯಿಗೆ ರುಚಿಯಿಲ್ಲ, ನಸುಕಿಗೇ ಎಚ್ಚರ, ಏನೂ ಬೇಡ, ಹೀಗೆ ಬರುತ್ತದೆ. ಮನೆಯವರು ವಯಸ್ಸಾಯಿತಲ್ಲ ಎಂದು ಸುಮ್ಮನಾಗುತ್ತಾರೆ. ಸಾಂಕ್ರಾಮಿಕದ ಮೊದಲ ವರ್ಷವೇ ಜಗತ್ತಿನಲ್ಲಿ ಖಿನ್ನತೆ ಮತ್ತು ಆತಂಕ ನೂರಕ್ಕೆ 25ರಷ್ಟು ಹೆಚ್ಚಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆಯವರು ಕೆಲವರು ಅದಕ್ಕೂ ಮೊದಲು ಗುಡ್ಡ ಹತ್ತಬೇಕು, ಇರಲಿ.

ಮಕ್ಕಳೇ, ಅಜ್ಜ ಅಜ್ಜಿಯನ್ನು ತಕ್ಕಡಿ ಹತ್ತಿಸುವುದು ಸುಲಭವಲ್ಲ, ನನ್ನ ಖಾಲಿ ಕಾಲಂ ನೋಡಿದಿರಲ್ಲ. ಆದರೆ ನೀವು ರಜೆಗೆ ಹೋದಾಗ ನೋಡಬಹುದು: ಅಜ್ಜಿಯ ಬಳೆ ಕೈಯಲ್ಲಿ ಹೆಚ್ಚು ಓಡಾಡುತ್ತಿದೆಯೇ, ಅಜ್ಜನ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಬಿದ್ದಿದೆಯೇ, ಹಲ್ಲಿನ ಸೆಟ್ಟು ಮಾತಾಡುವಾಗ ಕಟಕಟ ಎನ್ನುತ್ತಿದೆಯೇ. ಕಂಡರೆ ಅಪ್ಪ ಅಮ್ಮನ ಕಿವಿಗೆ ಹಾಕಿ.

ಮೇಷ್ಟ್ರಿಗೆ ವೈದ್ಯರು ರಾತ್ರಿಗೊಂದು ಸಣ್ಣ ಮಾತ್ರೆ ಕೊಟ್ಟರು, ದಿನಕ್ಕೆ ಒಂದು ಹೊತ್ತಾದರೂ ಜೊತೆಗೆ ಯಾರಾದರೂ ಇರುವಾಗ ಊಟ ಮಾಡಿ ಎಂದರು. ಗುರುವಾರ ಬಸ್ಸು ಹಿಡಿದು ನಮ್ಮ ಮನೆಗೆ ಬರತೊಡಗಿದರು. ಉಳಿದ ದಿನಕ್ಕೆ ಉಪಾಯ ಹುಡುಕಿದ್ದು ಅವರ ಮಗಳು. ರಾತ್ರಿ ಎಂಟು ಗಂಟೆಗೆ ಲ್ಯಾಂಡ್‌ಲೈನಿಗೆ ಫೋನು. ಇವರು ಸ್ಪೀಕರ್ ಒತ್ತಿ ಊಟದ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಅಲ್ಲಿ ಬೆಂಗಳೂರಿನಲ್ಲಿ ಅವರು ನಾಲ್ವರು, ಇಲ್ಲಿ ಇವರೊಬ್ಬರು, ಒಂದೇ ಹೊತ್ತಿಗೆ ಊಟ. ಅವರ ತಟ್ಟೆಯ ಸದ್ದು ಇವರಿಗೆ ಕೇಳುತ್ತದೆ, ಇವರು ಸೊರ್ ಎಂದು ಸಾರು ಹೀರುವುದು ಅವರಿಗೆ ಕೇಳುತ್ತದೆ. ಕಿರಿಯ ಮೊಮ್ಮಗ ಪ್ರತಿದಿನ ಮೊದಲು ಕೇಳುವ ಪ್ರಶ್ನೆ, "ಅಜ್ಜ, ಇವತ್ತು ಏನು ಸಾರು?"

ಮೊದಲೆರಡು ದಿನ ಅವಲಕ್ಕಿ ಎಂದರಂತೆ. ಅವಲಕ್ಕಿ ಸಾರಲ್ಲವಲ್ಲ ಅಜ್ಜ ಎಂದ ಹುಡುಗ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಮಗುವಿನ ಹತ್ತಿರ ಸುಳ್ಳು ಹೇಳಲು ಬರುವುದಿಲ್ಲ. ಮೂರನೇ ದಿನ ಸಂಜೆ ಏಳಕ್ಕೆ ಒಲೆ ಹಚ್ಚಿ ಹುರುಳಿ ಸಾರು ಮಾಡಿದರು. ಮುಂದಿನ ಯುಗಾದಿಗೆ ನಮ್ಮ ತಕ್ಕಡಿಯಲ್ಲಿ 55.4 ಇದ್ದರು.